ವಿಆರ್‌ಎಸ್‌ ಎನ್ನುತ್ತಾರೆ, ಬರೆಸಿಕೊಳ್ಳುವುದು ರಾಜೀನಾಮೆ: ಸಹಿಗೆ ಮುಂಚೆ ಓದಿ

ತುಮಕೂರು ರಸ್ತೆಯ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆ ಹಳೆಯ ಲೈನ್‌ ಮುಚ್ಚುವಾಗ ಕಾರ್ಮಿಕರ ಮುಂದಿಟ್ಟ ಸ್ವಯಂ ನಿವೃತ್ತಿಯ (ವಿಆರ್‌ಎಸ್‌) ಪ್ಯಾಕೇಜ್‌ ನೋಡಲು ಚೆನ್ನಾಗಿಯೇ ಇತ್ತು. ಸೇವೆಯ ಪ್ರತಿ ವರ್ಷಕ್ಕೆ 45 ದಿನದ ವೇತನ, ದೀರ್ಘ ಸೇವೆಗೆ ಕಾನೂನಿನಂತೆ ಸಿಗುವ ಇಡಿಗಂಟು ಗ್ರಾಚ್ಯುಟಿ ಬೇರೆ, ಜೊತೆಗೆ ‘ಹೊಸ ವೃತ್ತಿಗೆ ನೆರವು’. ಎಡವಟ್ಟಾದದ್ದು ಮೊತ್ತದಲ್ಲಲ್ಲ, ಕ್ರಮದಲ್ಲಿ. ಮೊದಲು ಸಹಿ ಹಾಕಿಸಿಕೊಂಡರು, ಲೆಕ್ಕದ ಹಾಳೆ ಆಮೇಲೆ ಕೊಟ್ಟರು, ತರಬೇತಿ ನಡೆದದ್ದು ಗೇಟ್‌ ಪಾಸ್‌ ವಾಪಸ್‌ ಪಡೆದ ನಂತರ. ಹೀಗೆ ಮಾಡುವ ಕಂಪನಿ ಅದೊಂದೇ ಅಲ್ಲ, ಹಾಗಾಗಿ ಹೆಸರು ಬೇಡ. ಎಲ್ಲೆಲ್ಲಿ ಏಟು ಬಿತ್ತು ಅನ್ನುವುದನ್ನಷ್ಟೇ ನೋಡೋಣ.

ಮೊದಲ ಏಟು ಪತ್ರದ್ದು. ನೋಟಿಸ್‌ ಬೋರ್ಡಿನಲ್ಲಿ ‘ಸ್ವಯಂ ನಿವೃತ್ತಿ ಯೋಜನೆ’ ಎಂದಿತ್ತು. ಎಚ್‌ಆರ್‌ ಕೋಣೆಯಲ್ಲಿ ಸಹಿಗೆ ಮುಂದಿಟ್ಟ ಹಾಳೆಯಲ್ಲಿ ಮಾತ್ರ ‘ವೈಯಕ್ತಿಕ ಕಾರಣಗಳಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ’ ಎಂದು ಟೈಪ್‌ ಆಗಿತ್ತು. ‘ಅದು ಫಾರ್ಮ್ಯಾಲಿಟಿ ಅಷ್ಟೇ’ ಎಂಬ ಸಮಾಧಾನ ಬೇರೆ. ಅದು ಫಾರ್ಮ್ಯಾಲಿಟಿ ಅಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 10(10ಸಿ) ವಿಧಿ ವಿಆರ್‌ಎಸ್‌ ಪರಿಹಾರದಲ್ಲಿ 5 ಲಕ್ಷ ರೂಪಾಯಿವರೆಗೆ ವಿನಾಯಿತಿ ಕೊಡುತ್ತಿತ್ತು. ಅದಕ್ಕೆ ನಿಯಮ 2ಬಿಎ ಷರತ್ತುಗಳಿದ್ದವು: ನೌಕರನಿಗೆ 10 ವರ್ಷ ಸೇವೆ ಇಲ್ಲವೇ 40 ವಯಸ್ಸು ಆಗಿರಬೇಕು, ಯೋಜನೆಯಿಂದ ಒಟ್ಟು ಸಿಬ್ಬಂದಿ ಸಂಖ್ಯೆ ಇಳಿಯಬೇಕು, ಖಾಲಿಯಾದ ಜಾಗ ತುಂಬಬಾರದು, ಹೋದವರನ್ನು ಅದೇ ಆಡಳಿತದ ಇನ್ನೊಂದು ಕಂಪನಿಗೆ ತೆಗೆದುಕೊಳ್ಳಬಾರದು. ಮೊತ್ತಕ್ಕೂ ಮಿತಿಯಿತ್ತು. 2026ರ ಏಪ್ರಿಲ್‌ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ವಿಧಿಗಳ ಸಂಖ್ಯೆ ಬದಲಾಗಿದೆ, ಆದ್ದರಿಂದ ಕಂಪನಿ ಕೊಡುವ ಕಾಗದದಲ್ಲಿ ಯಾವ ವಿಧಿ ನಮೂದಿಸಿದ್ದಾರೆ ಎಂದು ಕೇಳಿ ನೋಡಿ. ರಾಜೀನಾಮೆ ಬರೆಸಿಕೊಂಡರೆ ಈ ಯಾವ ಷರತ್ತೂ ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ಮುಂದಿನ ತಿಂಗಳೇ ಅದೇ ಮೆಷಿನ್‌ ಮುಂದೆ ಗುತ್ತಿಗೆ ಹುಡುಗರನ್ನು ನಿಲ್ಲಿಸಬಹುದು. ಆ ಹಾಳೆ ಯಾರ ಅನುಕೂಲಕ್ಕೆ ಟೈಪ್‌ ಆಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನಲ್ಲಿ ಇದರ ಬೆಲೆ ಎಷ್ಟು? ಮೂಲ ವೇತನ ಮತ್ತು ತುಟ್ಟಿಭತ್ಯೆ (ಡಿಎ) ಸೇರಿ 39,000, ಭತ್ಯೆಗಳೂ ಸೇರಿದರೆ ತಿಂಗಳಿಗೆ 55,000, ಸೇವೆ 18 ವರ್ಷ 8 ತಿಂಗಳು ಎಂದಿಟ್ಟುಕೊಳ್ಳಿ. ಗ್ರಾಚ್ಯುಟಿಗೆ ಆರು ತಿಂಗಳು ಮೀರಿದ ತುಣುಕು ಪೂರ್ತಿ ವರ್ಷವಾಗುತ್ತದೆ. 39,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 19 ವರ್ಷಕ್ಕೆ ಲೆಕ್ಕ ಹಾಕಿದರೆ 4,27,500. ವಿಆರ್‌ಎಸ್‌ಗೆ ಪೂರ್ಣಗೊಂಡ 18 ವರ್ಷ ಮಾತ್ರ: ಒಂದೂವರೆ ತಿಂಗಳ ವೇತನದಂತೆ 10,53,000. ಆ ವರ್ಷದ ಸಂಬಳ 6,60,000 ಸೇರಿದರೆ 17,13,000. ಗ್ರಾಚ್ಯುಟಿ ಇದರಲ್ಲಿಲ್ಲ, ಅದಕ್ಕೆ 20 ಲಕ್ಷದವರೆಗಿನ ವಿನಾಯಿತಿ ಪ್ರತ್ಯೇಕ.

ಪತ್ರದಲ್ಲಿ ವಿಆರ್‌ಎಸ್‌ ಎಂದಿದ್ದು ಯೋಜನೆ ನಿಯಮಬದ್ಧವಾಗಿದ್ದರೆ 5 ಲಕ್ಷ ಕಳೆದು, 75,000 ಸ್ಟ್ಯಾಂಡರ್ಡ್‌ ಡಿಡಕ್ಷನ್‌ ಕಳೆದು ಉಳಿಯುವುದು 11,38,000. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದೊಳಗಿನ ಆದಾಯಕ್ಕೆ ರಿಬೇಟ್‌ ಇರುವುದರಿಂದ ತೆರಿಗೆ ಸೊನ್ನೆ. ಪತ್ರದಲ್ಲಿ ರಾಜೀನಾಮೆ ಎಂದಿದ್ದರೆ ತೆರಿಗೆಗೆ ಒಳಪಡುವ ಆದಾಯ 16,38,000, ಸೆಸ್‌ ಸೇರಿ ತೆರಿಗೆ 1,32,704. ಒಂದೇ ಒಂದು ವಾಕ್ಯಕ್ಕೆ ಇಷ್ಟು. ಈ ವಿನಾಯಿತಿ ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಗುವುದು ಎಂಬುದೂ ನೆನಪಿರಲಿ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದವರಿಗೆ, ಅಂದರೆ ತಿಂಗಳ ವೇತನ 21,000 ಮೀರದವರಿಗೆ, ಇನ್ನೊಂದು ಇಬ್ಬದಿಯ ಕತ್ತಿ. ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್‌ (ಸಿಬ್ಬಂದಿ ಹೆಚ್ಚಾಯಿತೆಂದು ಕಂಪನಿಯೇ ತೆಗೆಯುವುದು) ಆಗಿ ಕೆಲಸ ಕಳೆದುಕೊಂಡವರಿಗೆ ಇಎಸ್‌ಐ ನಿಗಮದ ನಿರುದ್ಯೋಗ ಭತ್ಯೆ ಯೋಜನೆಗಳಿವೆ. ವಿಆರ್‌ಎಸ್‌ ತೆಗೆದುಕೊಂಡವರಿಗೆ ಅದು ಸಿಗುವುದಿಲ್ಲ. ಪ್ಯಾಕೇಜ್‌ ತೂಗಿ ನೋಡುವಾಗ ಈ ನಷ್ಟವನ್ನೂ ತಕ್ಕಡಿಗೆ ಹಾಕಬೇಕು, ಯಾರೂ ಹಾಕುವುದಿಲ್ಲ. ಆದರೆ ಕನಿಷ್ಠ 5 ವರ್ಷ ವಿಮಾದಾರರಾಗಿದ್ದು ವಿಆರ್‌ಎಸ್‌ ಮೇಲೆ ಹೊರಬಂದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಇಲ್ಲೂ ಕೇಳುವುದು ಅದೇ ದಾಖಲೆ. ‘ವೈಯಕ್ತಿಕ ಕಾರಣ’ದ ರಾಜೀನಾಮೆ ಹಿಡಿದುಕೊಂಡು ಶಾಖಾ ಕಚೇರಿಗೆ ಹೋದರೆ ಕೆಲಸವಾಗದು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ನುಂಗುವ ವಯಸ್ಸಿನವರಿಗೆ ಈ 120 ರೂಪಾಯಿ ಎಷ್ಟು ದೊಡ್ಡದು ಎಂದು ತಿಳಿಯುವುದು ಖಾಸಗಿ ವಿಮೆಯ ಪ್ರೀಮಿಯಂ ಕೇಳಿದ ಮೇಲೆಯೇ.

ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿದ್ದವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಕೊನೆಯ ದಿನಕ್ಕೆ ಮೊದಲೇ ಅರ್ಜಿ ಹಾಕಬೇಕು. ಹೊಸದಾಗಿ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಿಸಬಹುದು.

ಪಿಎಫ್‌ ವಿಷಯದಲ್ಲಿ ಸಿಕ್ಕಿಕೊಂಡದ್ದು ಹೆಸರುಗಳು. ಸೇರುವಾಗ ‘ಎಸ್‌. ರಾಮಯ್ಯ’, ಆಧಾರ್‌ನಲ್ಲಿ ‘ರಾಮಯ್ಯ ಶಿವಣ್ಣ’ ಎಂಬಂಥ ವ್ಯತ್ಯಾಸ, ಹುಟ್ಟಿದ ದಿನಾಂಕ ಶಾಲಾ ದಾಖಲೆಯಲ್ಲೊಂದು, ಕಾರ್ಡಿನಲ್ಲೊಂದು. ಇಂಥದ್ದನ್ನು ಸರಿಪಡಿಸುವ ಜಂಟಿ ಘೋಷಣೆಗೆ ಸಾಮಾನ್ಯವಾಗಿ ಉದ್ಯೋಗದಾತರ ಒಪ್ಪಿಗೆ ಬೇಕು. ಕೆಲಸದಲ್ಲಿದ್ದಾಗ ಅದು ಟೀ ವಿರಾಮದಲ್ಲಿ ಮುಗಿಯುವ ಕೆಲಸ. ಬಿಟ್ಟ ಮೇಲೆ ಗೇಟಿನ ಹೊರಗೆ ನಿಂತು ಬೇಡುವ ಕೆಲಸ. ನಿರ್ಗಮನ ದಿನಾಂಕವನ್ನು ಕಂಪನಿ ಹಾಕದಿದ್ದರೆ ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ಪಿಂಚಣಿ ಯೋಜನೆಯಲ್ಲಿ 10 ವರ್ಷ ತುಂಬಿದವರಿಗೆ 58ಕ್ಕೆ ಪಿಂಚಣಿಯ ಹಕ್ಕಿದೆ. ಅವರು ಪಿಎಫ್‌ನ 10ಸಿ ಅರ್ಜಿಯಲ್ಲಿ ಸ್ಕೀಮ್‌ ಸರ್ಟಿಫಿಕೇಟ್‌, ಅಂದರೆ ಪಿಂಚಣಿ ಸೇವೆಯ ದಾಖಲೆಪತ್ರ, ಕೇಳಬೇಕು. 50 ದಾಟಿದ ಮೇಲೆ ಬೇಗ ತೆಗೆದುಕೊಂಡರೆ ಪ್ರತಿ ವರ್ಷಕ್ಕೆ ಶೇ 4ರಷ್ಟು ಕಡಿತ. ದುಡ್ಡಿನ ಬಿಸಿಯಲ್ಲಿ ಆ ಆತುರ ಬೇಡ.

ಯಾರ ಲೆಕ್ಕದಲ್ಲೂ ಇಲ್ಲದೆ ಬಂದು ಬಿದ್ದದ್ದು ನೌಕರರ ಸಹಕಾರ ಸಂಘದ ಸಾಲ. ಸ್ವಂತ ಸಾಲದ ಬಾಕಿ ಅಂತಿಮ ಲೆಕ್ಕದಲ್ಲಿ ಕಡಿತವಾಗುವುದು ಎಲ್ಲರಿಗೂ ಗೊತ್ತು. ಪಕ್ಕದ ಮೆಷಿನ್‌ನವನಿಗೆ ಹಾಕಿದ ಜಾಮೀನು? ಅವನು ಕಂತು ತಪ್ಪಿಸಿದ್ದರೆ ಸಂಘ ನಿಮಗೆ ನಿರಾಕ್ಷೇಪಣಾ ಪತ್ರ ಕೊಡದೆ ಹಿಡಿಯುತ್ತದೆ, ಆ ಪತ್ರವಿಲ್ಲದೆ ಕಂಪನಿ ಚೆಕ್‌ ಬರೆಯುವುದಿಲ್ಲ. ಅರ್ಜಿ ಹಾಕುವ ಮುಂಚೆಯೇ ಸಂಘಕ್ಕೆ ಹೋಗಿ ನಿಮ್ಮ ಹೆಸರಿನ ಜಾಮೀನುಗಳ ಪಟ್ಟಿ ತೆಗೆಸಿ, ಬದಲಿ ಜಾಮೀನುದಾರರನ್ನು ಹುಡುಕಿ.

ಇನ್ನು ಆ ‘ಹೊಸ ವೃತ್ತಿಗೆ ನೆರವು’. ಬಂದದ್ದು ಅರ್ಧ ದಿನದ ಕಾರ್ಯಾಗಾರ. ಇಂಗ್ಲಿಷ್‌ ಸ್ಲೈಡುಗಳಲ್ಲಿ ಲಿಂಕ್ಡ್‌ಇನ್‌ ಪ್ರೊಫೈಲ್‌ ಮಾಡುವುದು ಹೇಗೆಂಬ ಪಾಠ, ಎದುರಿಗೆ ಕುಳಿತವರು ಎರಡು ದಶಕ ಲೇತ್‌ ಮುಂದೆ ನಿಂತವರು. ಸಂಬಳ ನಿಂತ ಮೇಲೆ ಇಟ್ಟ ತರಬೇತಿಗೆ ಯಾರೂ ನೆಟ್ಟಗೆ ಬರುವುದಿಲ್ಲ. ಬಂದವರ ತಲೆಯಲ್ಲಿ ಆ ತಿಂಗಳ ಇಎಂಐ ಓಡುತ್ತಿರುತ್ತದೆ. ಸಂಬಳ ಬರುತ್ತಿರುವಾಗಲೇ, ಕೊನೆಯ ದಿನಕ್ಕೆ ಎರಡು ಮೂರು ತಿಂಗಳು ಮೊದಲು, ಪಾಳಿಯ ಸಮಯದಲ್ಲೇ ಕಲಿಸಬೇಕು. ರಾಜಾಜಿನಗರದ ಜಿಟಿಟಿಸಿ, ಪೀಣ್ಯದ ಎನ್‌ಟಿಟಿಎಫ್‌ನಂಥ ಕಡೆ ನಿಜವಾದ ಯಂತ್ರಗಳ ಮೇಲೆ ಕಲಿಸುವ ವ್ಯವಸ್ಥೆಯಿದೆ. ಐಟಿಐ ಓದದೆ ಕೈಯಿಂದ ಕಲಿತವರಿಗೆ ಪೂರ್ವ ಕಲಿಕೆ ಗುರುತಿಸುವ ಆರ್‌ಪಿಎಲ್‌ ಪ್ರಮಾಣಪತ್ರ ಕೊಡಿಸುವುದು ಸ್ಲೈಡ್‌ ತೋರಿಸುವುದಕ್ಕಿಂತ ಎಷ್ಟೋ ಮೇಲು.

ಅದಕ್ಕಿಂತ ಅಗ್ಗದ, ಆದರೂ ಕಂಪನಿಗಳು ಮಾಡದ ಕೆಲಸ ಅನುಭವ ಪತ್ರವನ್ನು ಸರಿಯಾಗಿ ಬರೆಯುವುದು. ‘ಟೀಮ್‌ ಮೆಂಬರ್‌, ಗ್ರೇಡ್‌ 3’ ಎಂದು ಬರೆದರೆ ಹೊಸೂರಿನ ಕಂಪನಿಯ ಸೂಪರ್‌ವೈಸರ್‌ಗೆ ಏನು ಅರ್ಥವಾದೀತು? ಯಾವ ಯಂತ್ರ, ಯಾವ ಕಂಟ್ರೋಲರ್‌, ಸೆಟ್ಟಿಂಗ್‌ ಸ್ವತಃ ಮಾಡುತ್ತಿದ್ದರೇ, ಪ್ರೋಗ್ರಾಮ್‌ ತಿದ್ದುತ್ತಿದ್ದರೇ, ಎಷ್ಟು ಮೈಕ್ರಾನ್‌ ಟಾಲರೆನ್ಸ್‌ ಹಿಡಿಯುತ್ತಿದ್ದರು, ಎಷ್ಟು ಜನ ಹೊಸಬರಿಗೆ ಕಲಿಸಿದರು, ಇಷ್ಟೂ ಆ ಪತ್ರದಲ್ಲಿರಬೇಕು. ಎಚ್‌ಆರ್‌ ಬರೆಯದಿದ್ದರೆ ನೀವೇ ಕರಡು ಬರೆದು ಲೈನ್‌ ಮ್ಯಾನೇಜರ್‌ ಸಹಿ ಹಾಕಿಸಿ. ಮ್ಯಾನೇಜರ್‌ ಕೂಡ ಬಿಟ್ಟು ಹೋಗುವ ಮುಂಚೆ.

ಎಚ್‌ಆರ್‌ನವರು ಇದನ್ನು ಓದುತ್ತಿದ್ದರೆ: ಲೆಕ್ಕದ ಹಾಳೆ ಅರ್ಜಿಗೆ ಮುಂಚೆ ಹೋಗಲಿ, ಕನ್ನಡದಲ್ಲಿ ಹೋಗಲಿ, ಮನೆಗೆ ಒಯ್ದು ತೋರಿಸಲು ಕನಿಷ್ಠ ಎರಡು ವಾರ ಕೊಡಿ. ಅರ್ಜಿ ತಿರಸ್ಕರಿಸುವ ಹಕ್ಕನ್ನು ಯೋಜನೆಯಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಹೊರಗೆ ಬೇಡಿಕೆಯಿರುವ ಒಳ್ಳೆಯ ಸೆಟ್ಟರ್‌ಗಳೇ ಮೊದಲು ಅರ್ಜಿ ಹಾಕುತ್ತಾರೆ. ‘ತೆಗೆದುಕೊಳ್ಳದಿದ್ದರೆ ಪುಣೆಗೆ ವರ್ಗ’ ಎಂದು ಮೇಲ್ವಿಚಾರಕರ ಬಾಯಲ್ಲಿ ಹೇಳಿಸಿದರೆ ಅದು ಸ್ವಯಂ ನಿವೃತ್ತಿಯಾಗಿ ಉಳಿಯುವುದಿಲ್ಲ. ನಾಳೆ ಅದನ್ನೇ ರಿಟ್ರೆಂಚ್‌ಮೆಂಟ್‌ ಎಂದು ವಾದಿಸಿದರೆ ನಿಮ್ಮಲ್ಲಿ ಉತ್ತರವಿರದು.

ಅರ್ಜಿ ಕೊಟ್ಟು ಮನಸ್ಸು ಬದಲಾದವರಿಗೆ: 2000ನೇ ಇಸವಿಯ ಬ್ಯಾಂಕ್‌ ವಿಆರ್‌ಎಸ್‌ ಯೋಜನೆಗಳ ಪ್ರಕರಣದಲ್ಲಿ, ಬ್ಯಾಂಕ್‌ ಒಪ್ಪಿಗೆ ಕೊಡುವ ಮುಂಚೆ ಅರ್ಜಿ ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್‌ ಹೇಳಿತು, ಹಣ ತೆಗೆದುಕೊಂಡವರಿಗೆ ಮಾತ್ರ ಆ ದಾರಿ ಕೊಡಲಿಲ್ಲ. ಆದರೂ ನಿಮ್ಮ ಯೋಜನೆಯ ಷರತ್ತುಗಳನ್ನು ಮೊದಲು ಓದಿ. ಹಿಂಪಡೆಯುವುದಾದರೆ ಬರಹದಲ್ಲಿ, ಸ್ವೀಕೃತಿ ಮೊಹರಿನೊಂದಿಗೆ ಅಥವಾ ಇಮೇಲ್‌ ಮೂಲಕ, ಬ್ಯಾಂಕಿಗೆ ದುಡ್ಡು ಬರುವ ಮುಂಚೆ.

ಗ್ರಾಚ್ಯುಟಿ 30 ದಿನದೊಳಗೆ ಬರದಿದ್ದರೆ ಬಡ್ಡಿ ಸಮೇತ ಕೇಳುವ ಹಕ್ಕಿದೆ. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ಹೋಗುವಾಗ ನೇಮಕಾತಿ ಪತ್ರ, ಕೊನೆಯ ಮೂರು ಸಂಬಳದ ಚೀಟಿ, ಯೋಜನೆಯ ನೋಟಿಸಿನ ಫೋಟೊ ಕೈಯಲ್ಲಿರಲಿ. ನೋಟಿಸ್‌ ಬೋರ್ಡಿನಿಂದ ಆ ಹಾಳೆ ಬೇಗ ಮಾಯವಾಗುತ್ತದೆ, ಅಂಟಿಸಿದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ.