ತಾಜ್‌ಗೆ ಹೋದರೆ ಮೊದಲು ತಲೆ ಎತ್ತಿ ನೋಡಿ

ಹುಬ್ಬಳ್ಳಿಯಿಂದ ಬಂದಿದ್ದ ದೊಡ್ಡಪ್ಪನನ್ನು ಕರೆದುಕೊಂಡು ಮುಂಬೈನ ಕೊಲಾಬಾದ ತಾಜ್ ಮಹಲ್ ಪ್ಯಾಲೇಸ್ ಹೋಟೆಲ್‌ಗೆ ಹೋಗಿದ್ದೆ. ಚಹಾಕ್ಕೆ ಅಷ್ಟೇ, ರೂಮಿಗಲ್ಲ! "ಎದುರಿಗಿರೋ ಗೇಟ್‌ವೇ ಆಫ್ ಇಂಡಿಯಾ ಮೊದಲೋ, ಇದು ಮೊದಲೋ?" ಅಂತ ಕೇಳಿದರು. ಹೋಟೆಲೇ ಮೊದಲು ದೊಡ್ಡಪ್ಪ, ಶುರುವಾಗಿದ್ದು 1903ರಲ್ಲಿ. ಗೇಟ್‌ವೇ ಉದ್ಘಾಟನೆಯಾಗಿದ್ದು 1924ರಲ್ಲಿ.

ದೂರದಿಂದ ನೋಡಿದರೆ ಆ ಕೆಂಪು ಗುಮ್ಮಟ ಯುರೋಪಿನ ಯಾವುದೋ ಊರಿಂದ ಎತ್ತಿ ತಂದಿಟ್ಟ ಹಾಗಿದೆ, ಆದರೆ ಹತ್ತಿರ ಹೋಗಿ ಕಮಾನು, ಬಾಲ್ಕನಿ ನೋಡುತ್ತಾ ನಿಂತರೆ ನಮ್ಮ ಕಡೆಯ ಕೋಟೆ ಅರಮನೆಗಳೂ ನೆನಪಾಗುತ್ತವೆ. ನಕ್ಷೆ ಹಾಕಿದವರು ಸೀತಾರಾಮ ಖಂಡೇರಾವ್ ವೈದ್ಯ, ಡಿ.ಎನ್. ಮಿರ್ಜಾ, ಮುಗಿಸಿದ್ದು ಇಂಗ್ಲಿಷ್ ಎಂಜಿನಿಯರ್ ಡಬ್ಲ್ಯು.ಎ. ಚೇಂಬರ್ಸ್. ಬೆರಕೆ ಆಗದೆ ಇರುತ್ತಾ?

ನನಗೆ ಜಾಸ್ತಿ ಹಿಡಿಸಿದ್ದು ಒಳಗಿನ ದೊಡ್ಡ ಮೆಟ್ಟಿಲು, ಗಾಳಿಯಲ್ಲಿ ತೇಲಿದ ಹಾಗೆ. ಚಹಾಕ್ಕೆ ಸೀ ಲೌಂಜ್‌ನಲ್ಲಿ ಕಿಟಕಿ ಪಕ್ಕದ ಟೇಬಲ್ಲೇ ಕೇಳಿ. ದೊಡ್ಡಪ್ಪ ಬಿಲ್ ನೋಡದ ಹಾಗೆ ನಾನೇ ಮಡಚಿಟ್ಟೆ.