ಎಸ್‌ಎಟಿನಾ, ಎಪಿನಾ?

ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವರು ಎಸ್‌ಎಟಿ ಸಬ್ಜೆಕ್ಟ್ ಟೆಸ್ಟ್ (ಒಂದೊಂದು ವಿಷಯಕ್ಕೂ ಇದ್ದ ಪ್ರವೇಶ ಪರೀಕ್ಷೆ) ಹುಡುಕಬೇಡಿ. ಒಂದು ಗಂಟೆಯ, 800 ಅಂಕದ ಆ ಪರೀಕ್ಷೆ 2021ರಲ್ಲೇ ನಿಂತುಹೋಯಿತು. ಈಗ ಅದಕ್ಕೆ ಹತ್ತಿರವಾದದ್ದು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ವಿಷಯವಾರು ಪರೀಕ್ಷೆ.

ಕಾಲೇಜು ಪ್ರವೇಶಕ್ಕೆ ಬರೆಯುವ ಮಾಮೂಲಿ ಎಸ್‌ಎಟಿಯಲ್ಲಿ ಇರುವುದು ಇಂಗ್ಲಿಷ್, ಗಣಿತ ಅಷ್ಟೇ. ಒಟ್ಟು 1600 ಅಂಕ, ವರ್ಷಕ್ಕೆ ಹಲವು ಸಲ ಬರೆಯಬಹುದು. ಎಪಿ ಮೇ ತಿಂಗಳಲ್ಲಿ ಮಾತ್ರ. ಎಡವಿದರೆ ಇನ್ನೊಂದು ವರ್ಷ ಕಾಯಬೇಕು. ಅಂಕ 1ರಿಂದ 5. ಭೌತಶಾಸ್ತ್ರದ ಎಪಿಯಲ್ಲಿ ಸರಿ ಉತ್ತರಕ್ಕೆ ಗುರುತು ಹಾಕಿದರೆ ಸಾಲದು, ಲೆಕ್ಕ ಬಿಡಿಸಿದ ದಾರಿಯನ್ನೂ ಬರೆದು ತೋರಿಸಬೇಕು. 4 ಅಥವಾ 5 ಬಂದರೆ ಎಷ್ಟೋ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಅಂದರೆ ಆ ಕೋರ್ಸ್ ಮುಗಿಸಿದಂತೆ ಲೆಕ್ಕ ಹಿಡಿಯುತ್ತವೆ. ಫೀಸೂ ಉಳಿಯಬಹುದು, ಅಲ್ವಾ?

ಎಂಐಟಿಯಂಥ ಕಡೆ ಎಸ್‌ಎಟಿ ಅಥವಾ ಅದರಂಥದ್ದೇ ಇನ್ನೊಂದು ಪ್ರವೇಶ ಪರೀಕ್ಷೆ ಎಸಿಟಿ ಕಡ್ಡಾಯ. ಕಡ್ಡಾಯವಿಲ್ಲದ ಕಡೆ ನನ್ನ ಓಟು ಎಪಿಗೆ. ಸುಮ್ನೆ ಐದಾರು ಕಟ್ಟಿಕೊಳ್ಳಬೇಡಿ, ಮುಂದೆ ಓದುವ ವಿಷಯದ ಎರಡು ಸಾಕು.