ಲೈವ್ ಶೋ ಟಿಕೆಟ್ ತೆಗೆಯುವ ಮುಂಚೆ ಶಿವಮೊಗ್ಗ ಕಡೆಯವರು ಇದನ್ನೊಮ್ಮೆ ಓದಿ

ಶಿವಮೊಗ್ಗದ ಹೊರವಲಯದ ಬಯಲೊಂದರಲ್ಲಿ ಈಚೆಗೆ ನಡೆದ ಲೈವ್ ಶೋಗೆ ತೀರ್ಥಹಳ್ಳಿ, ಸಾಗರ, ಹೊಸನಗರ, ಭದ್ರಾವತಿಯಿಂದೆಲ್ಲ ಅಭಿಮಾನಿಗಳು ದುಡ್ಡು ಕೊಟ್ಟು ಬಂದಿದ್ದರು. ಪೋಸ್ಟರಿನಲ್ಲಿ ಇದ್ದದ್ದು ಸಂಜೆ 6 ಗಂಟೆ. ಗೇಟು ತೆರೆಯುವಾಗ 7 ಆಗಿತ್ತು. ಆಮೇಲೆ ದೀಪ ಬೆಳಗಿದ್ದು, ಗಣ್ಯರ ಭಾಷಣ, ಪ್ರಾಯೋಜಕರಿಗೆ ಶಾಲು, ಹಾರ, ಸ್ಮರಣಿಕೆ, ನಡುವೆ ಸ್ಥಳೀಯ ತಂಡದ ಡ್ಯಾನ್ಸ್. ಗಾಯಕರು ವೇದಿಕೆ ಹತ್ತಿದಾಗ 9 ದಾಟಿತ್ತು. 10ಕ್ಕೆ ಪೊಲೀಸರು ಬಂದು ಸೌಂಡ್ ನಿಲ್ಲಿಸಿದರು. ಅಷ್ಟರಲ್ಲಿ ಆದದ್ದು ಬೆರಳೆಣಿಕೆಯ ಹಾಡು. ಅದರಲ್ಲೂ ಒಂದೆರಡಕ್ಕೆ ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಓಡುತ್ತಿತ್ತು, ಮೈಕು ಬರೀ ಕೈಯಲ್ಲಿತ್ತು. ಹೆಚ್ಚು ದುಡ್ಡು ಕೊಟ್ಟು ‘ಫ್ಯಾನ್ ಪಿಟ್’ (ವೇದಿಕೆಗೆ ಹತ್ತಿರ ನಿಲ್ಲುವ ಜಾಗ) ಟಿಕೆಟ್ ತೆಗೆದವರ ಮುಂದೆಯೇ ಪಾಸಿನಲ್ಲಿ ಬಂದ ಗಣ್ಯರಿಗೆ ಸೋಫಾ ಹಾಕಿಸಿದರು. ಹಿಂದಿನ ಬ್ಯಾರಿಕೇಡ್ ತೆಗೆದು ಕಡಿಮೆ ಬೆಲೆಯ ಟಿಕೆಟ್‌ನವರನ್ನೂ ಅಲ್ಲಿಗೇ ಬಿಟ್ಟರು. ಆಯೋಜಕರ ಹೆಸರು ಇಲ್ಲಿ ಬೇಡ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ.

ಹತ್ತು ಗಂಟೆಗೆ ನಿಲ್ಲಿಸಿದ್ದಕ್ಕೆ ಜನ ಪೊಲೀಸರಿಗೆ ಬೈದರು. ತಪ್ಪು ಪೊಲೀಸರದ್ದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವ, ಸಾಂಸ್ಕೃತಿಕ ಸಂದರ್ಭಗಳಿಗೆ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಟಿಕೆಟ್ ಮಾರುವ ಖಾಸಗಿ ಶೋಗೆ ಅದು ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. ಆಯೋಜಕರಿಗೆ ಇದು ಗೊತ್ತಿಲ್ಲದ ವಿಷಯವೇ ಅಲ್ಲ. ಗೊತ್ತಿದ್ದೂ ಭಾಷಣಕ್ಕೆ ಎರಡು ಗಂಟೆ ಕೊಟ್ಟರೆ ಕತ್ತರಿ ಬೀಳುವುದು ಗಾಯಕರ ಸಮಯಕ್ಕೇ. ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ‘ಶೋ ಎಷ್ಟು ಗಂಟೆಗೆ’ ಎಂದು ಕೇಳಬೇಡಿ. ‘ಮುಖ್ಯ ಗಾಯಕರು ವೇದಿಕೆಗೆ ಬರುವುದು ಎಷ್ಟಕ್ಕೆ, ಎಷ್ಟು ನಿಮಿಷ ಹಾಡುತ್ತಾರೆ, ಭಾಷಣ, ಸನ್ಮಾನದ ವೇದಿಕೆ ಕಾರ್ಯಕ್ರಮ ಇದೆಯಾ’ ಎಂದು ವಾಟ್ಸಾಪಿನಲ್ಲಿ ಬರೆದು ಕೇಳಿ. ಫೋನಿನಲ್ಲಿ ಹೇಳಿದ ಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ.

ಅಭಿಮಾನಿಗಳು ಎಡವುವುದು ಒಂದೇ ಕಡೆ. ಹಾಡುವವರ ಮೇಲಿನ ನಂಬಿಕೆಯನ್ನು ಹಾಗೇ ತೆಗೆದುಕೊಂಡು ಹೋಗಿ ಆಯೋಜಕರ ಮೇಲೆ ಇಡುತ್ತಾರೆ. ನೀವು ದುಡ್ಡು ಕೊಡುತ್ತಿರುವುದು ಆಯೋಜಕರಿಗೆ. ಗೇಟು, ಬ್ಯಾರಿಕೇಡು, ಜನರೇಟರು, ಶೌಚಾಲಯ, ಸಮಯ ಎಲ್ಲ ಅವರ ಕೈಯಲ್ಲಿ. 2023ರ ಸೆಪ್ಟೆಂಬರ್ 10ರಂದು ಚೆನ್ನೈ ಹೊರವಲಯದಲ್ಲಿ ಎ.ಆರ್. ರೆಹಮಾನ್ ಅವರ ಶೋಗೆ ಟಿಕೆಟ್ ಇದ್ದವರೇ ಒಳಗೆ ಹೋಗಲಾಗದೆ ವಾಪಸಾದರು. ಅಷ್ಟು ದೊಡ್ಡವರ ಶೋಗೇ ಗೇಟಿನಲ್ಲಿ ಹಾಗಾಗುವುದಾದರೆ, ನಮ್ಮ ಊರಿನ ಬಯಲಿಗೆ ಮೊದಲ ಸಲ ಕೈಹಾಕಿದವರ ಬಗ್ಗೆ ಎರಡು ಸಲ ಯೋಚಿಸಬೇಕಾಗುತ್ತದೆ.

ಪೋಸ್ಟರಿನಿಂದ ಶುರು ಮಾಡಿ. ಗಾಯಕರ ಮುಖ ದೊಡ್ಡದಾಗಿ, ಕೆಳಗೆ ಸಣ್ಣದಾಗಿ ‘ಹಾಡುಗಳ ಸಂಜೆ’, ‘ಗೀತನಮನ’, ‘ಟ್ರಿಬ್ಯೂಟ್’ ಎಂದಿದ್ದರೆ ಅವರು ಬರುವುದಿಲ್ಲ, ಅವರ ಹಾಡನ್ನು ಆರ್ಕೆಸ್ಟ್ರಾದವರು ಹಾಡುತ್ತಾರೆ. ‘ಮತ್ತು ತಂಡ’ ಎಂದಿದ್ದರೆ ತಂಡದವರೇ ಹೆಚ್ಚು ಹಾಡುತ್ತಾರೆ. ‘ವಿಶೇಷ ಆಕರ್ಷಣೆ’ ಎಂದರೆ ಸಾಮಾನ್ಯವಾಗಿ ಬಂದು, ಕೈಬೀಸಿ, ಎರಡು ಹಾಡು ಹಾಡಿ ಹೋಗುವುದು. ಇದು ಮೋಸ ಅಂತಲೇ ಅಲ್ಲ, ಹಳ್ಳಿ ಜಾತ್ರೆಯ ಪುಕ್ಕಟೆ ರಸಮಂಜರಿಗೆ ಇದೆಲ್ಲ ನಡೆಯುತ್ತದೆ. ಸಾವಿರಗಟ್ಟಲೆ ಕೊಟ್ಟು ಕೊಳ್ಳುವ ಟಿಕೆಟ್‌ಗೆ ನಡೆಯಬಾರದು ಅಷ್ಟೇ. ಗಾಯಕರ ಅಧಿಕೃತ ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್ ಪುಟದಲ್ಲಿ ಅದೇ ದಿನ, ಅದೇ ಊರು ಬಂದಿದೆಯಾ ನೋಡಿ. ‘ಬನ್ನಿ, ಭೇಟಿಯಾಗೋಣ’ ಎನ್ನುವ ಸೆಲ್ಫಿ ವಿಡಿಯೋ ಸಾಲದು, ಹಳೆಯ ವಿಡಿಯೋಗೆ ಹೊಸ ದಿನಾಂಕ ಅಂಟಿಸುವುದು ಕಷ್ಟದ ಕೆಲಸವಲ್ಲ. ಗಾಯಕರ ಪುಟದಲ್ಲಿ ಸುದ್ದಿಯೇ ಇಲ್ಲ, ಇಲ್ಲಿ ಟಿಕೆಟ್ ಮಾರಾಟ ಜೋರು ಎಂದಾದರೆ ಆಯೋಜಕರು ಗಾಯಕರಿಗೆ ಅಡ್ವಾನ್ಸ್ ಪೂರ್ತಿ ಕೊಟ್ಟಿಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು. ಅಂಥ ಶೋಗಳಲ್ಲೇ ಕೊನೆಯ ಎರಡು ದಿನದಲ್ಲಿ ‘ಅನಿವಾರ್ಯ ಕಾರಣಗಳಿಂದ ಮುಂದೂಡಲಾಗಿದೆ’ ಎಂಬ ಸ್ಟೇಟಸ್ ಬರುವುದು.

ಟಿಕೆಟ್ಟಿನ ಷರತ್ತುಗಳನ್ನು ಯಾರೂ ಓದುವುದಿಲ್ಲ, ಆದರೆ ಮೂರು ಕಡೆ ಕಣ್ಣು ಹಾಯಿಸಲೇಬೇಕು. ಕಲಾವಿದರು ಬದಲಾದರೆ ದುಡ್ಡು ವಾಪಸ್ ಉಂಟಾ? ಮಳೆ ಬಂದರೆ? ಮುಂದೂಡಿದರೆ ಎಷ್ಟು ದಿನದೊಳಗೆ ಕೇಳಬೇಕು? ರದ್ದಾದಾಗ ಟಿಕೆಟ್ ಬೆಲೆ ಬಂದರೂ ಬುಕಿಂಗ್ ಶುಲ್ಕ ಬರುವುದಿಲ್ಲ ಎಂದು ಬರೆದಿರುವುದೇ ಹೆಚ್ಚು. ಇನ್ನು ‘ಅರ್ಲಿ ಬರ್ಡ್’, ಅಂದರೆ ಮೊದಲೇ ಕೊಂಡವರಿಗೆ ಕಡಿಮೆ ಬೆಲೆ ಎನ್ನುವ ಟಿಕೆಟ್‌ನ ಆತುರ. ಹೊರಗಿನ ದೊಡ್ಡ ತಂಡಗಳ ಟಿಕೆಟ್ ನಿಮಿಷಗಳಲ್ಲಿ ಮುಗಿಯುವುದು ನಿಜ. ಜಿಲ್ಲಾ ಕೇಂದ್ರದ ಬಯಲು ಶೋ ಹಾಗೆ ಮುಗಿಯುವುದು ಅಪರೂಪ. ಸೀಟು ಉಳಿದರೆ ಕೊನೆಯ ವಾರ ಕಾಲೇಜುಗಳಲ್ಲಿ ಪಾಸ್ ಹಂಚುತ್ತಾರೆ. ಆಗ ಮೊದಲೇ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ.

ಸೋಲ್ಡ್ ಔಟ್ ಆದ ಶೋಗೆ ‘ನಮ್ಮ ಫ್ರೆಂಡ್ ಬರ್ತಿಲ್ಲ, ಟಿಕೆಟ್ ಕೊಡ್ತೀನಿ’ ಎಂದು ಬರುವ ಮೆಸೇಜನ್ನು ಅಲ್ಲೇ ಬಿಟ್ಟುಬಿಡಿ. ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟನ್ನು ಒಬ್ಬರಿಗೂ ಕಳಿಸಬಹುದು, ಐವತ್ತು ಜನಕ್ಕೂ ಕಳಿಸಬಹುದು. ಗೇಟಿನ ಯಂತ್ರ ಮೊದಲು ಬಂದವರನ್ನು ಒಳಗೆ ಬಿಡುತ್ತದೆ, ಉಳಿದವರಿಗೆ ‘ಈಗಾಗಲೇ ಬಳಸಲಾಗಿದೆ’ ಎನ್ನುತ್ತದೆ. ಆ್ಯಪಿನೊಳಗೇ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ವರ್ಗಾಯಿಸುವ ವ್ಯವಸ್ಥೆ ಇದ್ದರೆ ಮಾತ್ರ ಸೆಕೆಂಡ್‌ಹ್ಯಾಂಡ್ ಟಿಕೆಟ್ ತೆಗೆಯಿರಿ. ‘ರಿಫಂಡ್ ಕಳಿಸ್ತೀವಿ, ಪಿನ್ ಹಾಕಿ’ ಎಂದರೆ ಫೋನ್ ಕೆಳಗಿಡಿ. ದುಡ್ಡು ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ದುಡ್ಡು ಹೋದ ಮೇಲೆ ಗೊತ್ತಾದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಸಲು ಆಗ ಮಾತ್ರ ಅವಕಾಶ.

ಜಾಗ ಆರಿಸುವ ವಿಷಯದಲ್ಲೂ ಎಲ್ಲರೂ ಮುಂದಕ್ಕೇ ನುಗ್ಗುತ್ತಾರೆ. ವೇದಿಕೆಗೆ ಅಂಟಿ ನಿಂತರೆ ಮುಖ ಕಾಣುತ್ತದೆ, ಹಾಡು ಕೇಳಿಸುವುದಿಲ್ಲ. ಅಲ್ಲಿ ಕಿವಿಗೆ ಬಡಿಯುವುದು ನೆಲದ ಮೇಲಿನ ಬೇಸ್ ಬಾಕ್ಸ್. ಮೇಲೆ ತೂಗುಹಾಕಿದ ಸ್ಪೀಕರ್ ಸಾಲಿನ ಧ್ವನಿ ತಲೆ ಮೇಲಿಂದ ಹಾದುಹೋಗುತ್ತದೆ. ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂರುವ ಅಟ್ಟಣಿಗೆ ಮೈದಾನದ ನಡುವೆ ಇರುತ್ತದೆ. ಅವರ ಕಿವಿಗೆ ಸರಿಯಾಗುವಂತೆ ಹೊಂದಿಸಿದ್ದು ನಿಮಗೂ ಸರಿಯಾಗಿ ಕೇಳಬೇಕೆಂದರೆ ಅದರ ಮುಂದೆ ನಾಲ್ಕಾರು ಮಾರು ದೂರದಲ್ಲಿ ನಿಲ್ಲಿ. ತೀರಾ ಹಿಂದೆ, 100 ಮೀಟರ್ ಆಚೆ ಹೋದರೆ ಎಲ್‌ಇಡಿ ಪರದೆಯಲ್ಲಿ ತುಟಿ ಮೊದಲು ಆಡುತ್ತದೆ, ಧ್ವನಿ ಸುಮಾರು 0.3 ಸೆಕೆಂಡ್ ತಡವಾಗಿ ಬರುತ್ತದೆ. ಅದನ್ನು ಲಿಪ್‌ಸಿಂಕ್ (ಟ್ರ್ಯಾಕಿಗೆ ಬರೀ ತುಟಿ ಆಡಿಸುವುದು) ಎಂದು ಬೈಯಬೇಡಿ, ಗಾಳಿಯಲ್ಲಿ ಶಬ್ದದ ವೇಗವೇ ಅಷ್ಟು. ನಿಜವಾದ ಟ್ರ್ಯಾಕ್ ಹಾಡನ್ನು ಗುರುತಿಸಲು ಮೈಕು ಬಾಯಿಂದ ದೂರ ಹೋದಾಗ ದನಿ ತಗ್ಗುತ್ತದಾ ನೋಡಿ. ಸ್ಪೀಕರ್ ಹತ್ತಿರವೇ ನಿಲ್ಲುವವರು ಫೋಮ್ ಇಯರ್‌ಪ್ಲಗ್ ತಗೊಂಡು ಹೋಗಿ. 100 ಡೆಸಿಬಲ್ ಶಬ್ದಕ್ಕೆ ಕಿವಿ ಒಡ್ಡಬಹುದಾದದ್ದು 15 ನಿಮಿಷ ಮಾತ್ರ.

ನೂಕುನುಗ್ಗಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ದುಡ್ಡಿನ ಮಾತಲ್ಲ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಾರ್ಯಕ್ರಮದ ಹೊತ್ತಿಗೆ ಮಳೆ ಬಂತು. ಹೊರಗಿದ್ದವರು ಮೆಟ್ಟಿಲಿಳಿಯುವ ಬಾಗಿಲಿನಲ್ಲಿ ಒಟ್ಟಿಗೇ ನುಗ್ಗಿದರು, ನಾಲ್ವರು ತೀರಿಹೋದರು. ಮಳೆ, ಇಳಿಜಾರು, ಕಿರಿದಾದ ಬಾಗಿಲು: ಮಲೆನಾಡಿನಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಹೊಸದೇನಲ್ಲ. ದಸರಾ ಹೊತ್ತಿಗೆ ಚಿತ್ತೆ ಮಳೆ, ಏಪ್ರಿಲ್-ಮೇನಲ್ಲಿ ಸಂಜೆಯ ಗುಡುಗು ಮಳೆ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕೈದು ಜನಕ್ಕಿಂತ ಹೆಚ್ಚಾದರೆ ಅಪಾಯ ಶುರು. ಆಮೇಲೆ ನಮ್ಮ ಹೆಜ್ಜೆ ನಮ್ಮ ಕೈಯಲ್ಲಿ ಇರುವುದಿಲ್ಲ, ಗುಂಪು ಹೊಯ್ದಾಡಿದಂತೆ ನಾವೂ. ಸಾಯುವವರು ತುಳಿತಕ್ಕೇ ಸಿಕ್ಕಬೇಕೆಂದಿಲ್ಲ. ಎದೆಗೂಡು ಹಿಗ್ಗಲು ಜಾಗ ಸಿಗದೆ ನಿಂತಲ್ಲೇ ಉಸಿರು ಕಟ್ಟುತ್ತದೆ.

ಒಳಗೆ ಹೋದ ತಕ್ಷಣ ನೀವು ಬಂದ ಗೇಟಲ್ಲದೆ ಇನ್ನೊಂದು ದಾರಿ ಎಲ್ಲಿದೆ ನೋಡಿಟ್ಟುಕೊಳ್ಳಿ. ಬ್ಯಾರಿಕೇಡಿನ ಮೂಲೆ, ಎಲ್‌ಇಡಿ ಟವರಿನ ಕಾಲು, ಮೆಟ್ಟಿಲ ಬುಡ, ಈ ಮೂರು ಜಾಗದಲ್ಲಿ ನಿಲ್ಲಬೇಡಿ. ಅಕ್ಕಪಕ್ಕದವರ ಮೈ ಎಲ್ಲ ಕಡೆಯಿಂದ ತಾಗುತ್ತಿದೆ, ಕೈ ಎತ್ತಿ ಮುಖ ಒರೆಸಿಕೊಳ್ಳಲು ಆಗುತ್ತಿಲ್ಲ ಎಂದಾದರೆ ಇಷ್ಟದ ಹಾಡು ಬರಲಿ ಬಿಡಲಿ, ಹೊರಡಿ. ಎದುರು ನುಗ್ಗಬೇಡಿ. ಗುಂಪು ಒಂದು ಸಲ ತಳ್ಳಿ ಸಡಿಲವಾದಾಗ ಓರೆಯಾಗಿ ಪಕ್ಕಕ್ಕೆ ಒಂದೆರಡು ಹೆಜ್ಜೆ, ಮತ್ತೆ ಸಡಿಲವಾದಾಗ ಮತ್ತೆರಡು. ಎರಡೂ ಕೈ ಎದೆ ಮುಂದೆ ಮಡಚಿ ಇರಲಿ, ಉಸಿರಾಟಕ್ಕೆ ಅಷ್ಟು ಜಾಗ ಉಳಿಯುತ್ತದೆ. ಫೋನ್, ಚಪ್ಪಲಿ ಬಿದ್ದರೆ ಬಗ್ಗಬೇಡಿ. ಚಪ್ಪಲಿಯ ಬದಲು ಶೂ ಹಾಕಿಕೊಂಡು ಹೋದರೆ ಆ ಪ್ರಶ್ನೆಯೇ ಬರುವುದಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಿಟ್‌ನೊಳಗೆ ಹೋಗುವವರಿಗೆ ಏನು ಹೇಳುವುದೋ ತಿಳಿಯದು, ಮಾರಾಯ್ರೆ.

ಕೊಡೆ, ಪವರ್‌ಬ್ಯಾಂಕ್, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ ಎಂದುಕೊಂಡೇ ಹೊರಡಿ. ತೆಳುವಾದ ರೇನ್‌ಕೋಟ್ ಮಡಚಿ ಜೇಬಿಗೆ ಹಾಕಿಕೊಳ್ಳಿ. ಒಳಗೆ ಸಾವಿರಾರು ಫೋನು ಒಂದೇ ಟವರಿಗೆ ಜೋತುಬಿದ್ದಾಗ ನೆಟ್‌ವರ್ಕ್ ಸತ್ತುಹೋಗುತ್ತದೆ, ಯುಪಿಐ ಸುತ್ತುತ್ತಲೇ ಇರುತ್ತದೆ. ಟಿಕೆಟನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಚಿಲ್ಲರೆ ದುಡ್ಡು ಇಟ್ಟುಕೊಳ್ಳಿ. ಫೋನ್ ಕದಿಯಲೆಂದೇ ಊರಿಂದ ಊರಿಗೆ ಬರುವ ತಂಡಗಳಿವೆ. 2024ರ ಅಕ್ಟೋಬರಿನಲ್ಲಿ ಕೊಚ್ಚಿಯಲ್ಲಿ ನಡೆದ ನಾರ್ವೆಯ ಡಿಜೆ ಅಲನ್ ವಾಕರ್ ಶೋನಲ್ಲಿ ಒಂದೇ ರಾತ್ರಿ ಹತ್ತಾರು ಫೋನ್ ಹೋದವು. *#06# ಒತ್ತಿ ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತು) ಸಂಖ್ಯೆ ಮನೆಯಲ್ಲಿ ಬರೆದಿಟ್ಟಿದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬಹುದು.

ಬೆಂಗಳೂರಿನ ಶೋಗೆ ಹೋಗುವವರ ಗೋಳು ಬೇರೆ. ಟಿಕೆಟ್ ಮೂರು ನಾಲ್ಕು ತಿಂಗಳ ಮೊದಲೇ ಮಾರಾಟವಾಗುತ್ತದೆ, ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಆ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ವಾರಾಂತ್ಯದ ಶಿವಮೊಗ್ಗ ರೈಲು ಬೇಗ ತುಂಬುತ್ತದೆ. ತಾಳಗುಪ್ಪದ ರಾತ್ರಿ ರೈಲು ಮೆಜೆಸ್ಟಿಕ್ ಬಿಡುವುದು 11ರ ಸುಮಾರಿಗೆ. ಶೋ 10ಕ್ಕೆ ಮುಗಿದರೂ ದೊಡ್ಡ ಮೈದಾನ ಖಾಲಿಯಾಗಲು ಮುಕ್ಕಾಲು ಗಂಟೆ ಬೇಕು, ಆ ರೈಲು ನಂಬಿದವರು ಒಂದೋ ಕೊನೆಯ ಹಾಡು ಬಿಡಬೇಕು, ಇಲ್ಲವೇ ರೈಲು ಬಿಡಬೇಕು. ಇಂಗ್ಲೆಂಡಿನ ಗಾಯಕ ಎಡ್ ಶೀರನ್ 2025ರ ಫೆಬ್ರುವರಿಯಲ್ಲಿ ಹಾಡಿದ ನೈಸ್ ಮೈದಾನದಂಥ ಜಾಗ ತುಮಕೂರು ರಸ್ತೆಯಲ್ಲೇ ಇದೆ. ಶಿವಮೊಗ್ಗದಿಂದ ಬರುವ ಬಸ್ಸು ಆ ರಸ್ತೆಯಲ್ಲೇ ಹಾಯುತ್ತದೆ. ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರುವ ಬದಲು ಮೊದಲೇ ಇಳಿಯಿರಿ. ಆ ಮೈದಾನದ ಹತ್ತಿರದ ಮಾದಾವರದವರೆಗೆ 2024ರ ನವೆಂಬರಿನಿಂದ ಮೆಟ್ರೋ ಇದೆ. ಕೊನೆಯ ಮೆಟ್ರೋ ಸಮಯವನ್ನು ಅವತ್ತಿನ ದಿನವೇ ನೋಡಿಕೊಳ್ಳಿ, ವಾಪಸ್ ಟೋಕನ್‌ನ ಕ್ಯೂ ತಪ್ಪಿಸಲು ಕಾರ್ಡಿನಲ್ಲಿ ಮೊದಲೇ ದುಡ್ಡು ಹಾಕಿಸಿ. ಶಿವಮೊಗ್ಗದಲ್ಲೇ ನಡೆಯುವ ಶೋ ಆದರೂ ಹಳ್ಳಿ ಕಡೆಯ ಕೊನೇ ಬಸ್ಸು ಶೋ ಮುಗಿಯುವಷ್ಟರಲ್ಲಿ ಹೋಗಿರುತ್ತದೆ. ಬೈಕಿನಲ್ಲಿ ಆಯನೂರು ದಾಟಿ ಕಾಡುದಾರಿಯಲ್ಲಿ ನಡುರಾತ್ರಿ ಹೋಗುವ ಬದಲು ಊರಲ್ಲೇ ಯಾರದಾದರೂ ಮನೆಯಲ್ಲಿ ಉಳಿಯುವುದು ವಾಸಿ.

ಇಷ್ಟಾಗಿಯೂ ಮೋಸ ಆದರೆ ಸುಮ್ಮನಿರಬೇಡಿ. ಪೋಸ್ಟರ್, ಟಿಕೆಟ್, ಹಣ ಕೊಟ್ಟ ರಸೀದಿ, ವಾಟ್ಸಾಪ್ ಉತ್ತರ, ಗಾಯಕರು ವೇದಿಕೆಗೆ ಬಂದ ಸಮಯ ಕಾಣುವ ವಿಡಿಯೋ ಎಲ್ಲ ಒಂದು ಕಡೆ ಇಡಿ. ಆಯೋಜಕರು ಪೋಸ್ಟ್ ಅಳಿಸುವುದು ಮಾರನೇ ದಿನವೇ, ಸ್ಕ್ರೀನ್‌ಶಾಟ್ ಅಂದೇ ತೆಗೆಯಿರಿ. ಮೊದಲು ಇಮೇಲ್‌ನಲ್ಲಿ ಲಿಖಿತ ದೂರು, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ಆಯೋಜಕರು ಮುಂದಿನ ಸಲ ಬೇರೆ ಹೆಸರಿನಲ್ಲಿ ಬರುವುದೂ ಉಂಟು, ಲೋಗೋ ಬದಲು, ಪುಟ ಬದಲು. ಆದ್ದರಿಂದ ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆ ನೋಡಿ. ಅದರಲ್ಲಿ 15 ಅಕ್ಷರಗಳಿರುತ್ತವೆ, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನೋಂದಾಯಿತ ಹೆಸರು ಕಾಣುತ್ತದೆ. ಮೊದಲ ಎರಡು ಅಂಕಿ ಬಿಟ್ಟು ನಂತರದ ಹತ್ತು ಅಕ್ಷರ ಅವರ ಪ್ಯಾನ್. ಹೊಸ ಕಂಪನಿಯನ್ನೇ ಹುಟ್ಟುಹಾಕದೆ ಬರೀ ಬೋರ್ಡು ಬದಲಿಸಿದ್ದರೆ ಹಳೆಯ ಟಿಕೆಟ್ಟಿನ ಹತ್ತು ಅಕ್ಷರವೂ ಹೊಸ ಟಿಕೆಟ್ಟಿನದ್ದೂ ಒಂದೇ ಆಗಿರುತ್ತವೆ.